ತೆರೆದ ಬಾಗಿಲಿಗೆ ಸಾಕ್ಷಿ

ಬೂಟಿನ ಮೇಸ್ತ್ರಿಯ ಅಂಗಡಿ ತೆರೆದೇ ಇತ್ತು. ಫೋನಿನ ನಕ್ಷೆಯಲ್ಲಿ ಅದರ ಹೆಸರಿನ ಕೆಳಗೆ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದು ಕೆಂಪಕ್ಷರದಲ್ಲಿ ಬರೆಯಲಾಯಿತು. ಮೇಸ್ತ್ರಿಯನ್ನು ಯಾರೂ ಕೇಳಲಿಲ್ಲ.

ಬೆಳಕು ಈಗಷ್ಟೇ ಹರಿಯುತ್ತಿದೆ. ಬೀದಿಯ ತಿರುವಿನಲ್ಲಿ ಹಾಲಿನ ವ್ಯಾನು ಕ್ರೇಟುಗಳನ್ನು ದಡದಡ ಇಳಿಸುತ್ತಿದೆ. ಬೇಕರಿಯ ಚಿಮಣಿಯಿಂದ ಬಿಸಿ ಬ್ರೆಡ್ಡಿನ ವಾಸನೆ. ಮೇಸ್ತ್ರಿಯ ಅಂಗಡಿಯ ಎದುರು ಬದಿಯಲ್ಲಿ, ಬೀದಿಯ ಹೆಸರು ಬರೆದ ಕಂಬದ ಪಕ್ಕ, ಮಾಸಿದ ಸ್ವೆಟರು ತೊಟ್ಟ ಹೆಂಗಸೊಬ್ಬರು ಎರಡೂ ಕೈಯಲ್ಲಿ ಫೋನು ಹಿಡಿದು ನಿಂತಿದ್ದಾರೆ. ಒಂದೇ ಉಸಿರಿನಲ್ಲಿ, ಎಲ್ಲೂ ನಿಲ್ಲಿಸದೆ ಅವರೊಂದು ವಿಡಿಯೊ ತೆಗೆಯಬೇಕು. ಕಂಬದ ಹೆಸರು ಕಾಣಬೇಕು, ಅಕ್ಕಪಕ್ಕದ ಮನೆಗಳು ಕಾಣಬೇಕು, ಬೋರ್ಡು ಕಾಣಬೇಕು, ಯಜಮಾನ ತನ್ನದೇ ಕೀಲಿಯಿಂದ ಬೀಗ ತೆಗೆಯುವುದು ಕಾಣಬೇಕು, ಒಳಗೆ ಕೆಲಸ ನಡೆಯುತ್ತಿರುವುದು ಕಾಣಬೇಕು. ಆಗ ಮಾತ್ರ ನಕ್ಷೆಯ ಕಂಪನಿ ಅಂಗಡಿ ಬದುಕಿದೆ ಎಂದು ಒಪ್ಪುತ್ತದೆ.

ಇದು ಎರಡನೆಯ ಪ್ರಯತ್ನ. ಮೊದಲನೆಯದು ಹಾಳಾದ ಬಗೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ವಿಡಿಯೊ ತೆಗೆಯುತ್ತಾರೆ ಎಂದ ಕೂಡಲೇ ಮೇಸ್ತ್ರಿ ಇಡೀ ದಿನ ಕೂತು ಅಂಗಡಿಯನ್ನು ಕನ್ನಡಿಯ ಹಾಗೆ ಮಾಡಿದ್ದರು. ಚಕ್ಕಳದ ಚೂರು ಒಂದಿಲ್ಲ, ಅಂಟಿನ ಡಬ್ಬ ಇಲ್ಲ, ಮರದ ಅಚ್ಚುಗಳೆಲ್ಲ ಗೋಣಿಚೀಲ ಸೇರಿ ಹಿಂದಿನ ಕೋಣೆಗೆ ಹೋಗಿದ್ದವು. ಮೇಸ್ತ್ರಿ ಹೊಸ ಅಂಗಿ ತೊಟ್ಟು, ಖಾಲಿ ಮೇಜಿನ ಹಿಂದೆ ಕೈ ಕಟ್ಟಿ ನಿಂತಿದ್ದರು. ಎರಡು ದಿನಕ್ಕೆ ಉತ್ತರ ಬಂತು: ‘ವ್ಯಾಪಾರ ನಡೆಯುತ್ತಿರುವ ಲಕ್ಷಣಗಳು ಕಾಣುತ್ತಿಲ್ಲ.’

“ನಿನ್ನೆ ಏನು ಹೇಳಿದ್ದೆ ಮೇಸ್ತ್ರಿ? ಗುಡಿಸಬೇಡಿ ಅಂದಿದ್ದೆ ತಾನೆ?” ಅರ್ಧ ಎತ್ತಿದ ಷಟರಿನ ಸಂದಿಯಿಂದ ಒಳಗೆ ಇಣುಕಿದವರೇ ಆಕೆ ಹಣೆ ಚಚ್ಚಿಕೊಳ್ಳುತ್ತಾರೆ.

“ದೇವರಾಣೆ ನಾನು ಪೊರಕೆ ಮುಟ್ಟಿಲ್ಲಮ್ಮ. ಇವಳನ್ನ ಕೇಳು.”

ಮೇಸ್ತ್ರಿಯ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾರೆ. “ಊರೆಲ್ಲ ನೋಡೋ ವಿಡಿಯೊ ಅಂತೀರಿ. ಕಸ ಬಿದ್ದಿರೋ ಅಂಗಡಿ ತೋರಿಸಿ ನನ್ನ ಮಾನ ಕಳೀಬೇಕಾ?”

“ಊರವರು ನೋಡಲ್ಲ ಅಕ್ಕಾ. ಎಲ್ಲೋ ಕೂತಿರೋ ಒಬ್ಬ ನೋಡ್ತಾನೆ. ಅವನಿಗೆ ಕಸ ಬೇಕು.”

“ಕಸ ನೋಡಿ ನಂಬೋನು ಅದೆಂಥ ಮನುಷ್ಯನಪ್ಪ!”

“ಮನುಷ್ಯನೇ ಹೌದೋ ಅಲ್ಲವೋ, ಅದೂ ಗೊತ್ತಿಲ್ಲ.”

ಹೆಂಡತಿ ಮೂಗು ಮುರಿಯುತ್ತ ಒಳಗೆ ಹೋಗಿ ಕಸದ ತೊಟ್ಟಿ ತರುತ್ತಾರೆ. ನೆಲದ ಮೇಲೆ ಚಕ್ಕಳದ ಚೂರು, ದಾರದ ತುಂಡು, ಸವೆದ ಹಿಮ್ಮಡಿಗಳು ರಾಶಿ ಬೀಳುತ್ತವೆ. “ಮದುವೆ ಆದಾಗಿಂದ ಗುಡಿಸಿದ್ದೇ ಗುಡಿಸಿದ್ದು. ಸುರಿಯೋದು ಇದೇ ಮೊದಲು,” ಎಂದು ಅವರು ಗೊಣಗಿದರೂ, ಒಂದು ಚೂರನ್ನು ಕಾಲಿನಿಂದ ಸರಿಸಿ ಚೆನ್ನಾಗಿ ಕಾಣುವ ಕಡೆಗೆ ತಳ್ಳುತ್ತಾರೆ. ಮೇಸ್ತ್ರಿ ಹೊಸ ಅಂಗಿ ಬಿಚ್ಚಿ ಅಂಟು ಮೆತ್ತಿದ ಹಳೆಯದನ್ನು ತೊಡುತ್ತಾರೆ. ಷಟರು ಇಳಿಸಿ ಮತ್ತೆ ಬೀಗ ಹಾಕಿದ ಮೇಲೆ ವಿಡಿಯೊ ಶುರುವಾಗುತ್ತದೆ. ದಿನವೂ ಕಣ್ಣು ಮುಚ್ಚಿ ತೆಗೆಯುವ ಬೀಗಕ್ಕೆ ಇವತ್ತು ಕೀಲಿ ಹೋಗುವುದಿಲ್ಲ. ಮತ್ತೆ ಕಂಬದಿಂದ ಶುರು. ಮೂರನೆಯ ಸಲಕ್ಕೆ ಷಟರು ಗರಗರ ಮೇಲೇಳುತ್ತದೆ.

ಈ ಹೆಂಗಸನ್ನು ಬೀದಿಯವರು ಗುರುತಿನಕ್ಕ ಎನ್ನುತ್ತಾರೆ. ನಕ್ಷೆಯಲ್ಲಿ ಅಂಗಡಿಯ ಗುರುತನ್ನು ಅದರ ಬಾಗಿಲ ಮೇಲೇ ತಂದು ಕೂರಿಸುವವರು ಇವರು. ಪಕ್ಕದ ಚರಂಡಿಯ ಮೇಲೆ ಬಿಟ್ಟು ಬರುವವರಲ್ಲ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇವರು ಕೆಲಸಕ್ಕಿರುವ ಒಂದು ಸಣ್ಣ ಕಚೇರಿಯಿದೆ. ಹಲ್ಲಿನ ವೈದ್ಯರು, ನಲ್ಲಿ ರಿಪೇರಿಯವರು, ಟೈಲರುಗಳು, ಬೀಗದ ಕೈ ಮಾಡುವವರು ಆ ಕಚೇರಿಯ ಗಿರಾಕಿಗಳು. ಯಾರಾದರೂ ಫೋನಿನಲ್ಲಿ ಹುಡುಕಿದರೆ ಇವರ ಹೆಸರು ಮೇಲೆ ಬರಬೇಕು, ಹೆಸರು ಕಂಡವರು ಇವರ ಪುಟ ತೆರೆಯಬೇಕು, ಪುಟ ತೆರೆದವರು ಫೋನು ಮಾಡಬೇಕು. ಅಷ್ಟನ್ನೂ ಮಾಡಿಸುವುದು ಗುರುತಿನಕ್ಕನ ಕೆಲಸ. ಕಚೇರಿಗೆ ಕೊಡುವಷ್ಟು ಕೈಯಲ್ಲಿಲ್ಲದ ಮೇಸ್ತ್ರಿಯಂಥವರ ಕೆಲಸವನ್ನು ಬೆಳಗಿನ ಹೊತ್ತು, ಕಚೇರಿಗೆ ಮೊದಲು, ತಾವೇ ಮಾಡಿಕೊಡುತ್ತಾರೆ. ಕಚೇರಿಯ ಯಜಮಾನರಿಗೆ ಇದು ಗೊತ್ತು. “ಸಮಾಜಸೇವೆ ಹೇಗೆ ನಡೀತಿದೆ ಮೇಡಂ?” ಎಂದು ಕಿಚಾಯಿಸುತ್ತಾರೆ.

ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಕಾಣದ್ದಕ್ಕೆ ಕೃತಜ್ಞತೆಯೂ ಇಲ್ಲ. ಗಿರಾಕಿ ಬಂದರೆ ಅಂಗಡಿಯವರ ಕೈಗುಣ, ಬರದಿದ್ದರೆ ಇವರ ಕಾಲ್ಗುಣ.

ಹಿಂದೆ ಇವರು ದಪ್ಪನೆಯ ಟೆಲಿಫೋನ್ ಪುಸ್ತಕ ಅಚ್ಚು ಹಾಕುವ ಕಡೆ ಇದ್ದರು. ಅಂಗಡಿಯವರಿಗೆ ಫೋನು ಮಾಡಿ, ಪುಸ್ತಕದಲ್ಲಿ ನಿಮ್ಮ ಹೆಸರು ಹಾಕಿಸಿ ಎಂದು ಒಪ್ಪಿಸುವ ಕೆಲಸ. ಪುಸ್ತಕ ನಿಂತುಹೋಯಿತು. ಕುರ್ಚಿಗಳನ್ನೂ ಮನುಷ್ಯರನ್ನೂ ಒಂದೇ ದಿನ ಹೊರಗಿಟ್ಟರು. “ಕುರ್ಚಿಗಾದರೂ ಕೊಂಡ್ಕೊಳ್ಳೋರು ಬಂದ್ರು,” ಎಂದು ಗುರುತಿನಕ್ಕ ನಗುತ್ತಾರೆ. ಆಮೇಲೆ ಮಗಳ ಶಾಲೆಯ ಕಂಪ್ಯೂಟರಿನ ಮುಂದೆ ಕೂತು, ತಪ್ಪುತ್ತ ತಿದ್ದಿಕೊಳ್ಳುತ್ತ ಈ ವಿದ್ಯೆ ಕಲಿತರು. ಕೈಯಲ್ಲಿ ಪ್ರಮಾಣಪತ್ರ ಇಲ್ಲ. ವಯಸ್ಸು ನಲವತ್ತು ದಾಟಿದೆ. ಈ ಮೆಟ್ಟಿಲು ಇಳಿದರೆ ಇನ್ನೊಂದು ಕಚೇರಿಯ ಮೆಟ್ಟಿಲು ಹತ್ತಿಸಿಕೊಳ್ಳುವವರು ಯಾರೂ ಇಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾರೆ. ಬೆನ್ನುನೋವು ಬಂದ ತಿಂಗಳು ವ್ಯಾನೂ ಮನೆಯ ಮುಂದೆ, ಗಂಡನೂ ಮನೆಯ ಒಳಗೆ. ಆ ತಿಂಗಳುಗಳಲ್ಲಿ ಒಲೆ ಉರಿಯುವುದು ಈಕೆಯ ಸಂಬಳದಿಂದಲೇ.

ಮನೆಯಲ್ಲಿ ಅತ್ತೆ ಇದ್ದಾರೆ. ಸೊಸೆಯ ಕೆಲಸ ಏನೆಂದು ಅವರಿಗೆ ಅರ್ಥವಾಗಿಲ್ಲ; ಅರ್ಥವಾಗಿಲ್ಲ ಎಂದು ಒಪ್ಪಿಕೊಳ್ಳುವ ಪೈಕಿಯೂ ಅಲ್ಲ. “ಊರಿನ ಅಂಗಡಿಯೆಲ್ಲ ಹುಡುಕಿಕೊಡ್ತಾಳಂತೆ. ನನ್ನ ಕನ್ನಡಕ ಒಂದು ಹುಡುಕಿಕೊಡು ನೋಡೋಣ,” ಎನ್ನುತ್ತಾರೆ.

“ನಿಮ್ಮ ತಲೆ ಮೇಲಿದೆ ಅತ್ತೆ.”

“ಅದನ್ನ ಫೋನ್ ಇಲ್ದೇನೂ ಹೇಳಬಹುದಿತ್ತು!”

ಗುರುತಿನಕ್ಕನ ಕೆಲಸದ ರೀತಿ ಬೇರೆ. ಅಂಗಡಿ ಒಪ್ಪಿಕೊಂಡ ಮೇಲೆ ಅವರು ಮೊದಲು ಕಂಪ್ಯೂಟರು ಮುಟ್ಟುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಅರ್ಧ ದಿನ ಸುಮ್ಮನೆ ಕೂರುತ್ತಾರೆ. ಬಂದವರು ಬಾಗಿಲಲ್ಲಿ ಮೊದಲು ಏನು ಕೇಳುತ್ತಾರೆ, ಯಾವ ಮಾತಿನಲ್ಲಿ ಕೇಳುತ್ತಾರೆ, ಯಾವ ಉತ್ತರ ಕೇಳಿದ ಮೇಲೆ ಅವರ ಮುಖ ಸಡಿಲವಾಗುತ್ತದೆ ಎಂದು ಗಮನಿಸುತ್ತಾರೆ. “ಜನ ಬಾಗಿಲಲ್ಲಿ ಕೇಳೋದನ್ನೇ ಫೋನಲ್ಲೂ ಟೈಪ್ ಮಾಡ್ತಾರೆ. ಬಾಗಿಲಲ್ಲಿ ಕೊಡೋ ಉತ್ತರಾನೇ ಪುಟದಲ್ಲೂ ಇರಬೇಕು. ಇದರಲ್ಲಿ ಇನ್ನೇನೂ ಗುಟ್ಟಿಲ್ಲ,” ಎನ್ನುತ್ತಾರೆ.

ಒಂದು ಕಾಲು ಗಿಡ್ಡವಿದ್ದವರಿಗೆ, ಪಾದ ಒಳಕ್ಕೆ ತಿರುಗಿದವರಿಗೆ, ಸಕ್ಕರೆ ಕಾಯಿಲೆಯಲ್ಲಿ ಬೆರಳು ಕಳೆದುಕೊಂಡವರಿಗೆ ಮೇಸ್ತ್ರಿ ಬೂಟು ಹೊಲಿಯುತ್ತಾರೆ. ಅವರ ಹಳೆಯ ಪುಟವನ್ನು ತಂಗಿಯ ಮಗ ಮಾಡಿಕೊಟ್ಟಿದ್ದ. ಅದರಲ್ಲಿ ಸೂರ್ಯಾಸ್ತದ ಚಿತ್ರವಿತ್ತು, ಯಾರೋ ಓಡುತ್ತಿರುವ ಚಿತ್ರವಿತ್ತು, ಕೊನೆಯಲ್ಲಿ ಹೆಸರು, ವಿಳಾಸ, ಉದ್ಯೋಗ, ಕಾಯಿಲೆಯ ವಿವರ ಎಲ್ಲ ತುಂಬಬೇಕಾದ ಉದ್ದನೆಯ ಅರ್ಜಿಯಿತ್ತು. ಅರ್ಜಿ ತುಂಬಿದವರು ಯಾರೂ ಇಲ್ಲ. ಓಡುವವನ ಚಿತ್ರ ನೋಡಿ ನಡೆಯಲಾಗದವರು ಪುಟ ಮುಚ್ಚಿರಬೇಕು.

ಸ್ಟೂಲಿನ ಮೇಲೆ ಕೂತ ಗುರುತಿನಕ್ಕನಿಗೆ ಒಂದು ವಿಷಯ ಕಂಡಿತು. ಮೇಸ್ತ್ರಿ ಬಂದವರನ್ನು ಕಾಲು ತೋರಿಸಿ ಎಂದು ಕೇಳುವುದೇ ಇಲ್ಲ. ಕಾಲು ತೋರಿಸಲು ಜನರಿಗೆ ನಾಚಿಕೆ. ಮೇಸ್ತ್ರಿ ಅವರ ಹಳೆಯ ಬೂಟನ್ನು ಕೇಳಿ ಪಡೆದು, ಬೋರಲು ಹಾಕಿ, ಅಡಿ ಎಲ್ಲಿ ಸವೆದಿದೆ ಎಂದು ಹೆಬ್ಬೆರಳಿನಿಂದ ಸವರುತ್ತಾರೆ. “ಎಡಗಡೆ ಸೊಂಟ ನೋಯುತ್ತಾ?” ಎಂದು ಕೇಳುತ್ತಾರೆ. ಬಂದವರು ಬಾಯಿ ಬಿಟ್ಟು ನೋಡುತ್ತಾರೆ. ಅಲ್ಲಿಗೆ ನಂಬಿಕೆ ಕುದುರಿತು.

ಗುರುತಿನಕ್ಕ ಅರ್ಜಿಯನ್ನು ಕಿತ್ತುಹಾಕಿ ಪುಟದ ನೆತ್ತಿಯಲ್ಲಿ ಒಂದೇ ಸಾಲು ಬರೆದರು: ‘ನಿಮ್ಮ ಹಳೆಯ ಬೂಟಿನ ಅಡಿಯ ಫೋಟೋ ಕಳಿಸಿ. ಮೇಸ್ತ್ರಿ ನೋಡಿ ಹೇಳುತ್ತಾರೆ.’ ಕೆಳಗೊಂದು ಗುಂಡಿ. ಫೋಟೋಗಳು ಬರತೊಡಗಿದವು. ಒಂದು ಮಗ್ಗುಲಿಗೆ ಸವೆದ ಬೂಟುಗಳು, ತೂತು ಬಿದ್ದ ಬೂಟುಗಳು, ಒಳಗೆ ರಟ್ಟು ತುರುಕಿ ಎತ್ತರ ಮಾಡಿಕೊಂಡ ಬೂಟುಗಳು. ಫೋಟೋ ಕಳಿಸಿದವರಲ್ಲಿ ಅರ್ಧಕ್ಕರ್ಧ ಜನ ಖುದ್ದಾಗಿ ಬಂದರು. ಕಾಲುನೋವಿಗೆ ಬೂಟು ಎಂದು ಹುಡುಕಿದವರಿಗೆ ಮೇಸ್ತ್ರಿಯ ಅಂಗಡಿ ಎಲ್ಲಕ್ಕಿಂತ ಮೇಲೆ ಕಾಣತೊಡಗಿತು.

ಎಲ್ಲರೂ ಮೇಸ್ತ್ರಿಯ ಹಾಗೆ ಹೇಳಿದ ಮಾತು ಕೇಳುವುದಿಲ್ಲ. ಬೇಕರಿಯವರು ತಾವೇ ಫೋನು ಒತ್ತಿ, ಅಂಗಡಿ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ ಎಂದು ಹಾಕಿಕೊಂಡಿದ್ದರು. “ಮನೆ ಮಹಡಿ ಮೇಲೇ ಇದೆ, ನಾನು ಯಾವಾಗ್ಲೂ ಇರ್ತೀನಲ್ಲಮ್ಮ,” ಎಂಬುದು ಅವರ ವಾದ. ಹೊತ್ತಲ್ಲದ ಹೊತ್ತಿನಲ್ಲಿ ಯಾರೋ ಕೇಕು ಕೇಳಿ ಬಾಗಿಲು ಬಡಿದ ಮೇಲೆ ಓಡಿ ಬಂದು ತಿದ್ದಿಸಿಕೊಂಡರು. ಅವರೇ ದಿನಾ ಬೆಳಿಗ್ಗೆ ತಮ್ಮ ಫೋನಿನಲ್ಲಿ ತಮ್ಮ ಹೆಸರನ್ನೇ ಹುಡುಕಿ, “ನೋಡು, ನಾನೇ ಮೊದಲು!” ಎಂದು ಬೀಗುತ್ತಿದ್ದರು. “ನಿಮ್ಮ ಫೋನಿಗೆ ನಿಮ್ಮದೇ ಧ್ಯಾನ ಅಣ್ಣಾ. ಕನ್ನಡಿ ಮುಂದೆ ನಿಂತು ಊರೆಲ್ಲ ನನ್ನನ್ನೇ ನೋಡ್ತಿದೆ ಅಂದ ಹಾಗಾಯ್ತು,” ಎಂದ ಗುರುತಿನಕ್ಕನ ಮೇಲೆ ಅವರಿಗೆ ಒಂದು ವಾರ ಮುನಿಸಿತ್ತು.

ಅಷ್ಟು ಮೇಲೆ ಬಂದಿದ್ದ ಮೇಸ್ತ್ರಿಯ ಅಂಗಡಿ ‘ಮುಚ್ಚಿದ್ದು’ ಮೇಸ್ತ್ರಿಗೇ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು. ಒಂದು ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬರ ಫೋನು ಬಂತು. ತಗ್ಗಿದ ದನಿ. “ಯಜಮಾನರು ಯಾವಾಗ ತೀರ್ಕೊಂಡ್ರು?”

“ಯಾವ ಯಜಮಾನರು?”

“ಬೂಟಿನ ಮೇಸ್ತ್ರಿ. ಅಂಗಡಿ ಶಾಶ್ವತವಾಗಿ ಮುಚ್ಚಿದೆ ಅಂತ ತೋರಿಸ್ತು, ಮನಸ್ಸಿಗೆ ತುಂಬಾ ಬೇಜಾರಾಯ್ತು. ನೀವು ಅವರ ತಮ್ಮನಾ?”

“ಅಲ್ಲಪ್ಪ, ಸತ್ತಿರೋನು ನಾನೇ.”

ಈ ಕಥೆಯನ್ನು ಮೇಸ್ತ್ರಿ ನಗುತ್ತ ಹೇಳುತ್ತಾರೆ. ಹೆಂಡತಿ ನಗುವುದಿಲ್ಲ. “ಅಷ್ಟು ದಿನ ಅಂಗಡಿಗೆ ಯಾರೂ ಬರ್ಲಿಲ್ಲ. ಇವರು ಬಾಗಿಲಲ್ಲಿ ಕೂತು ಕೂತು, ನನ್ನ ಕೈ ಕೆಟ್ಟುಹೋಯ್ತೇನೋ, ಜನ ಬೇಜಾರಾದ್ರೇನೋ ಅಂತ ಒಳಗೊಳಗೇ ಕೊರಗ್ತಿದ್ರು. ಊಟ ಬಿಟ್ಟಿದ್ರು. ಅದನ್ನ ಯಾಕೆ ಹೇಳಲ್ಲ?” ಎಂದು ಗದರುತ್ತಾರೆ.

ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಹಿಂದೆ ಬಡವನ ಅಂಗಡಿ ಮುಚ್ಚಿಸಬೇಕಾದರೆ ಯಾರಾದರೂ ಬರಬೇಕಿತ್ತು. ಬೀಗ ತರಬೇಕಿತ್ತು, ನಾಲ್ಕು ಜನರೆದುರು ನಿಂತು ಅದನ್ನು ಜಡಿಯಬೇಕಿತ್ತು. ಬೀದಿ ನೋಡುತ್ತಿತ್ತು. ಯಾರಾದರೊಬ್ಬರು ಯಾಕೆ ಎಂದು ಕೇಳುತ್ತಿದ್ದರು. ಈಗ ಯಾರೂ ಬರಬೇಕಾಗಿಲ್ಲ. ದೂರದಲ್ಲಿ ಯಾರೋ ಬೆರಳು ಒತ್ತಿದರೆ ಸಾಕು. ಷಟರು ತೆರೆದೇ ಇರುತ್ತದೆ, ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಒಳಗೆ ಸೂಜಿ ಹಿಡಿದು ಕೂತೇ ಇರುತ್ತಾನೆ. ಲೋಕದ ಪಾಲಿಗೆ ಅವನು ಇಲ್ಲ. ಇಲ್ಲ ಎಂದು ಬರೆಯುವುದಕ್ಕೆ ಒಂದು ಕ್ಷಣ. ಇದ್ದೇನೆ ಎಂದು ತೋರಿಸುವುದಕ್ಕೆ ಕಂಬ, ಬೋರ್ಡು, ಬೀಗ, ಕೀಲಿ, ಕಸ. ಬಾಗಿಲು ತೋರಿಸು ಎಂದು ಮೇಸ್ತ್ರಿಯನ್ನು ಕೇಳುವ ಆ ಕಂಪನಿಗೆ ಈ ಊರಿನಲ್ಲಿ ಒಂದು ಬಾಗಿಲೂ ಇಲ್ಲ. ತಟ್ಟೋಣವೆಂದರೆ ಕದವಿಲ್ಲ, ಬೈಯೋಣವೆಂದರೆ ಕಿವಿಯಿಲ್ಲ. ಗುರುತಿನಕ್ಕ ಬರೆದ ದೂರುಗಳಿಗೆಲ್ಲ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂಬ ಒಂದೇ ಉತ್ತರ. ಅಭಿಪ್ರಾಯ! ಮನುಷ್ಯ ಬದುಕಿದ್ದಾನೆ ಎನ್ನುವುದು ಯಾರ ಅಭಿಪ್ರಾಯ?

ಕಸ ಸುರಿದ ವಿಡಿಯೊ ಗೆದ್ದಿತು. ಕೆಂಪಕ್ಷರ ಹೋಯಿತು. ಅದಾದ ಎರಡು ದಿನಕ್ಕೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಅಂಗಡಿಗೆ ಬರುತ್ತಾರೆ. ಮಗಳ ಬಲಗಾಲು ಎಡಗಾಲಿಗಿಂತ ಗಿಡ್ಡ. ಮುಚ್ಚಿದೆ ಎಂದು ಕಂಡು ಈ ಬೀದಿಯ ಬಸ್ ನಿಲ್ದಾಣದಿಂದಲೇ ಒಮ್ಮೆ ಹಿಂದಿರುಗಿ ಹೋಗಿದ್ದರಂತೆ. ಮೇಸ್ತ್ರಿ ಹುಡುಗಿಯ ಹಳೆಯ ಬೂಟನ್ನು ಬೋರಲು ಹಾಕುತ್ತಾರೆ. “ಹೊಸದು ಹಾಕ್ಕೊಂಡ ಮೊದಲ ದಿನ ಬೀಳ್ತೀಯ ಪುಟ್ಟಿ. ಹೆದರ್ಕೋಬೇಡ. ಇಷ್ಟು ದಿನ ವಾಲಿದ್ದ ನೆಲ ಆವತ್ತು ನೆಟ್ಟಗಾಗುತ್ತೆ ನೋಡು, ಅದಕ್ಕೆ,” ಎನ್ನುತ್ತಾರೆ. ಸ್ಟೂಲಿನ ಮೇಲೆ ಕೂತಿದ್ದ ಗುರುತಿನಕ್ಕ ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ.

ಕಚೇರಿಗೆ ಹೋದ ಕೂಡಲೇ ಯಜಮಾನರು ಕರೆಯುತ್ತಾರೆ. ಈಕೆಗಿಂತ ಹತ್ತು ವರ್ಷ ಚಿಕ್ಕವರು, ಮೆಲುಮಾತಿನವರು. ಮಗಳಿಗೆ ಜ್ವರ ಬಂದಾಗ ಕೇಳದೆಯೇ ರಜೆ ಕೊಟ್ಟವರು. ಕೆಟ್ಟವರು ಎಂದು ಗುರುತಿನಕ್ಕ ಅವರನ್ನು ಈಗಲೂ ಹೇಳುವುದಿಲ್ಲ.

“ಕೂತ್ಕೊಳ್ಳಿ ಮೇಡಂ. ನಿಮ್ಮ ಬೂಟಿನವರದು ಮತ್ತೆ ಮೇಲೆ ಬಂದಿದೆಯಂತೆ?”

“ಬಂತು ಸಾರ್!” ಮುಖ ಅರಳುತ್ತದೆ.

“ಅದೇ ಈಗ ತೊಂದರೆ ಆಗಿರೋದು.”

ಊರಿನ ಎಲ್ಲ ಬಡಾವಣೆಗಳಲ್ಲೂ ಮಳಿಗೆ ಇಟ್ಟಿರುವ ಬೂಟಿನ ಕಂಪನಿಯೊಂದು ಕಚೇರಿಯ ಹೊಸ ಗಿರಾಕಿ. ಕಾಲುನೋವಿನವರಿಗೆಂದು ಸಿದ್ಧ ಬೂಟುಗಳನ್ನು ಮಾರುತ್ತದೆ. ಹುಡುಕಿದಾಗಲೆಲ್ಲ ತಮ್ಮ ತಲೆಯ ಮೇಲೆ ಒಬ್ಬ ಮೇಸ್ತ್ರಿ ಕೂತಿರುವುದು ಅವರಿಗೆ ಸರಿಬರುವುದಿಲ್ಲ.

“ಅಷ್ಟೇ ತಾನೆ ಸಾರ್? ಅವರನ್ನೂ ಮೇಲೆ ತರೋಣ. ನಾನೇ ಹೋಗಿ ಅವರ ಮಳಿಗೆಯಲ್ಲಿ ಕೂತ್ಕೋತೀನಿ. ಅವರ ಪುಟ ನೋಡಿದೀನಿ, ಫೋನ್ ನಂಬರ್ ಹುಡುಕೋಕೆ ದುರ್ಬೀನು ಬೇಕು. ಅದನ್ನೇ ಮೊದಲು ಸರಿ ಮಾಡೋಣ.”

“ಅದಕ್ಕೆಲ್ಲ ಟೈಮಿಲ್ಲ ಮೇಡಂ. ಹೋದ ಸಲ ಮಾಡಿದ್ದನ್ನೇ ಮಾಡಿದರಾಯ್ತು.”

“ಹೋದ ಸಲ ಏನು ಮಾಡಿದ್ದು?”

ಯಜಮಾನರು ಕಿಟಕಿಯ ಕಡೆ ನೋಡುತ್ತಾರೆ. “ಎಲ್ಲ ಆಫೀಸಲ್ಲೂ ಮಾಡ್ತಾರೆ ಮೇಡಂ. ನಮ್ಮ ಫೋನುಗಳಿಂದಲೇ ಮೇಸ್ತ್ರಿ ಅಂಗಡಿ ಮುಚ್ಚಿದೆ ಅಂತ ನಕ್ಷೆಗೆ ಕಳಿಸಿದ್ದು. ಈ ಕಂಪನಿಯವರು ನಮ್ಮ ಜೊತೆ ಬರ್ತಾರೋ ಇಲ್ವೋ ಅಂತ ಆಗ ಮಾತು ನಡೀತಿತ್ತು. ನಮ್ಮ ಕೈಲಿ ಏನಾಗುತ್ತೆ ಅಂತ ತೋರಿಸಬೇಕಿತ್ತು.”

ಗುರುತಿನಕ್ಕ ಬಾಗಿಲಾಚೆ ತಮ್ಮ ಮೇಜಿನ ಕಡೆ ತಿರುಗಿ ನೋಡುತ್ತಾರೆ.

“ನಿಮ್ಮ ಮೇಜಿನ ಫೋನಿಂದಲೂ ಹೋಗಿದೆ. ನೀವು ಆವತ್ತು ಹೊರಗೆ ಹೋಗಿದ್ರಿ. ಬೇರೆ ಫೋನಿಂದ ಕಳಿಸಿದ್ದನ್ನ ನಕ್ಷೆ ನಂಬಿರಲಿಲ್ಲ ಮೇಡಂ. ನಿಮ್ಮದನ್ನ ತಕ್ಷಣ ನಂಬ್ತು. ಇಷ್ಟು ವರ್ಷ ನೀವು ಒಂದೂ ಸುಳ್ಳು ಕಳಿಸಿಲ್ವಲ್ಲ.”

ಇಷ್ಟು ವರ್ಷ. ತಪ್ಪು ಬಾಗಿಲಲ್ಲಿದ್ದ ಗುರುತುಗಳನ್ನು ನಡೆದು ಹೋಗಿ ನೋಡಿ ಸರಿಪಡಿಸಿದ ಬೆಳಗುಗಳು, ನಿಜವಾಗಿಯೂ ಮುಚ್ಚಿದ ಅಂಗಡಿಯ ಮುಂದೆ ನಿಂತು, ಅಕ್ಕಪಕ್ಕದವರನ್ನು ಕೇಳಿ ಖಚಿತ ಮಾಡಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಮುಚ್ಚಿದೆ ಎಂದು ಬರೆದ ಸಂಜೆಗಳು. ಹೀಗೆ ಹನಿಹನಿಯಾಗಿ ಕೂಡಿದ ನಂಬಿಕೆಯನ್ನೇ ಚಾಕು ಮಾಡಿ ಮೇಸ್ತ್ರಿಯ ಕುತ್ತಿಗೆಗೆ ಇಟ್ಟಿದ್ದಾರೆ. ಹಿಡಿ ಈಕೆಯದು. ಕೈ ಇನ್ನೊಬ್ಬರದು.

ಯಜಮಾನರು ಮೇಜಿನ ಮೇಲೆ ಆ ಫೋನನ್ನು ಈಚೆಗೆ ಜರುಗಿಸುತ್ತಾರೆ. “ಈಗ ಇದಕ್ಕೆ ಬೆರಳಚ್ಚಿನ ಬೀಗ ಬಂದಿದೆ, ನಿಮ್ಮ ಬೆರಳಿಲ್ಲದೆ ತೆರೆಯಲ್ಲ. ಒಂದೇ ಒಂದು ಸಲ ಒತ್ತಿ ಮೇಡಂ. ಆ ಮೇಸ್ತ್ರಿಗೆ ನಾನೇ ಏನಾದರೂ ದಾರಿ ಮಾಡ್ತೀನಿ.”

“ಏನು ದಾರಿ ಸಾರ್? ಅವರು ಬದುಕಿದ್ದಾರೆ.”

“ನೋಡಿ, ಈ ಗಿರಾಕಿ ಕೈತಪ್ಪಿದರೆ ಈ ಆಫೀಸೇ ನಡೆಯಲ್ಲ. ನಿಮ್ಮನ್ನ ಇಟ್ಕೊಳ್ಳೋದೂ ಕಷ್ಟ ಆಗುತ್ತೆ. ಹೆದರಿಸ್ತಿಲ್ಲ, ಇರೋದನ್ನ ಹೇಳ್ತಿದೀನಿ. ನಿಮ್ಮ ಯಜಮಾನರಿಗೆ ಬೇರೆ ಬೆನ್ನುನೋವು.”

ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಕೀಲಿಮಣೆಗಳ ಸದ್ದು ನಿಂತುಹೋಗಿದೆ. ಎಲ್ಲರ ಕಿವಿಯೂ ಇತ್ತಲೇ ಇದೆ. ಗುರುತಿನಕ್ಕ ಫೋನನ್ನು ನೋಡುತ್ತಾರೆ. ಬಲಗೈಯನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

“ಈಗಲೇ ಹೇಳಬೇಕು ಅಂತಿಲ್ಲ ಮೇಡಂ. ಮನೇಲಿ ಕೇಳಿ. ಸಂಜೆವರೆಗೂ ಟೈಮಿದೆ.”

“ಸಂಜೆವರೆಗೂ ನಿಮ್ಮನ್ನ ಯಾಕೆ ಕಾಯಿಸಲಿ ಸಾರ್?” ಎನ್ನುತ್ತಾರೆ ಗುರುತಿನಕ್ಕ. “ನಾನು ಒತ್ತಲ್ಲ.”